ನೀಲಿ ಚುಕ್ಕೆಯ ಹಿಂದೆ

ಎಲೆಕ್ಟ್ರಾನಿಕ್ ಸಿಟಿಯ ಬಯೋಟೆಕ್ ಲ್ಯಾಬುಗಳಲ್ಲಿ ಬೆಳಗಿನ ಮೊದಲ ಕೆಲಸ ಎಷ್ಟೋ ಸಲ ಇದೇ: ಇನ್‌ಕ್ಯುಬೇಟರಿನಿಂದ ಪ್ಲೇಟು ತೆಗೆದು, ಅದರ ಮೇಲೆ ಬೆಳೆದ ಬ್ಯಾಕ್ಟೀರಿಯಾ ಚುಕ್ಕೆಗಳಲ್ಲಿ ನೀಲಿ ಎಷ್ಟು, ಬಿಳಿ ಎಷ್ಟು ಎಂದು ನೋಡುವುದು. ನಾವು ಸೇರಿಸಬೇಕೆಂದುಕೊಂಡ ಜೀನು ಒಳಗೆ ಸೇರಿದ್ದರೆ ಬಿಳಿ, ಇಲ್ಲದಿದ್ದರೆ ನೀಲಿ. ಆ ನೀಲಿಗೆ ಕಾರಣ ಇ. ಕೋಲಿ ಎಂಬ ಕರುಳಿನ ಬ್ಯಾಕ್ಟೀರಿಯಾದ ಒಂದು ಕಿಣ್ವ, ಬೀಟಾ-ಗ್ಯಾಲಕ್ಟೊಸೈಡೇಸ್. ಬಣ್ಣ ಕಟ್ಟುವುದು ಅದರ ಸ್ವಂತ ಕೆಲಸವಲ್ಲ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಆಗಿ ಸೀಳುವುದು ಅದರ ಕೆಲಸ. ಥಿಯೋಡೋರ್ ಎಶೆರಿಕ್ 1885ರಲ್ಲಿ ಈ ಬ್ಯಾಕ್ಟೀರಿಯಾವನ್ನು ಮೊದಲು ವರ್ಣಿಸಿದ್ದೂ ಹಾಲು ಕುಡಿಯುವ ಎಳೆಗೂಸುಗಳ ಮಲದಲ್ಲಿ ಕಂಡು.

ನಮ್ಮ ಈ ಭಾಗಕ್ಕೆ ಕಿಣ್ವ ಎಂದರೆ ಮೊದಲಿನಿಂದಲೂ ಸರಕು. 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ ಜಮೀನಿನಲ್ಲಿ ಕಿಯೋನಿಕ್ಸ್ ಎಲೆಕ್ಟ್ರಾನಿಕ್ ಸಿಟಿಯನ್ನು ಶುರುಮಾಡಿತು. ಅದೇ ವರ್ಷ ಕಿರಣ್ ಮಜುಂದಾರ್ ಬೆಂಗಳೂರಿನ ಒಂದು ಬಾಡಿಗೆ ಗ್ಯಾರೇಜಿನಲ್ಲಿ ಬಯೋಕಾನ್ ತೆರೆದರು. ಪರಂಗಿಕಾಯಿಯ ಹಾಲಿನಿಂದ ತೆಗೆದ ಪಪೇನ್ ಕಿಣ್ವ ಅವರ ಮೊದಲ ಸರಕುಗಳಲ್ಲೊಂದು. ಮರುವರ್ಷವೇ ಅಮೆರಿಕ, ಯುರೋಪಿಗೆ ರಫ್ತು ಆರಂಭ. ಮುಂದೆ ಹೊಸೂರು ರಸ್ತೆಯಲ್ಲಿ ಬೆಳೆದ ಆ ಕಂಪನಿ 2007ರಲ್ಲಿ ತನ್ನ ಕಿಣ್ವದ ವ್ಯವಹಾರವನ್ನು ಡೆನ್ಮಾರ್ಕಿನ ನೊವೊಜೈಮ್ಸ್‌ಗೆ ಮಾರಿತು. ಇಂಥ ಕಡೆ ಪಿಎಚ್‌ಡಿ ಮಾಡುವವರಿಗೆ ಮನೆಯವರೂ ಸಂದರ್ಶನ ಮಾಡುವವರೂ ಕೇಳುವುದು ಒಂದೇ ಪ್ರಶ್ನೆ: ‘ಇದರಿಂದ ಏನು ಉಪಯೋಗ?’ ಕೇಳಿದಾಗಲೆಲ್ಲ ನನಗೆ ಜಾಕ್ ಮೊನೊ ನೆನಪಾಗುತ್ತಾರೆ.

1941, ಪ್ಯಾರಿಸ್ ಜರ್ಮನ್ನರ ವಶದಲ್ಲಿತ್ತು. ಮೊನೊ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ಒಂದು ಸಣ್ಣ ವಿಚಿತ್ರವನ್ನು ದಾಖಲಿಸಿದ್ದರು. ಎರಡು ಬಗೆಯ ಸಕ್ಕರೆ ಒಟ್ಟಿಗೆ ಕೊಟ್ಟರೆ ಬ್ಯಾಕ್ಟೀರಿಯಾ ಮೊದಲು ಒಂದನ್ನು ತಿಂದು ಮುಗಿಸುತ್ತದೆ. ಕೆಲಹೊತ್ತು ಬೆಳವಣಿಗೆ ನಿಲ್ಲುತ್ತದೆ. ಆಮೇಲೆ ಇನ್ನೊಂದಕ್ಕೆ ಬಾಯಿ ಹಾಕುತ್ತದೆ. ಪ್ರಬಂಧದ ಪರೀಕ್ಷೆ ಮುಗಿದ ಮೇಲೆ ಅಲ್ಲಿನ ಹಿರಿಯರೊಬ್ಬರು, ಮೊನೊ ಮಾಡುತ್ತಿರುವುದರಲ್ಲಿ ಸೋರ್ಬಾನ್‌ಗೆ ಆಸಕ್ತಿಯಿಲ್ಲ ಎಂದರಂತೆ. ಇದನ್ನು ನೆನೆದು ಬರೆದವರು ಪಾಶ್ಚರ್ ಸಂಸ್ಥೆಯ ಆಂದ್ರೆ ಲ್ವಾಫ್. ಮೊನೊ ಆಮೇಲೆ ನಾಜಿಗಳ ವಿರುದ್ಧ ಭೂಗತ ಹೋರಾಟಕ್ಕಿಳಿದರು. ಯುದ್ಧ ಮುಗಿದ ಮೇಲೆ ಮತ್ತೆ ಅದೇ ಬ್ಯಾಕ್ಟೀರಿಯಾ, ಅದೇ ಸಕ್ಕರೆ.

ಆ ನಡುವಿನ ಬಿಡುವಿನಲ್ಲಿ ಬ್ಯಾಕ್ಟೀರಿಯಾ ಹೊಸ ಕಿಣ್ವವನ್ನು ತಯಾರಿಸಿಕೊಳ್ಳುತ್ತಿತ್ತು. ಬೇಡದಾಗ ಒಂದು ಪ್ರೋಟೀನು ಆ ಕಿಣ್ವದ ಜೀನಿಗೆ ಅಡ್ಡ ಕೂತಿರುತ್ತದೆ. ಲ್ಯಾಕ್ಟೋಸ್ ಬಂದಾಗ ಅದು ಜಾಗ ಬಿಡುತ್ತದೆ. 1961ರಲ್ಲಿ ಮೊನೊ ಮತ್ತು ಫ್ರಾನ್ಸ್ವಾ ಜಾಕೊಬ್ ಮಂಡಿಸಿದ ಈ ವಿವರಣೆಯಿಂದಲೇ ಜೀನುಗಳಿಗೂ ಸ್ವಿಚ್ಚುಗಳಿವೆ ಎಂದು ಜಗತ್ತಿಗೆ ತಿಳಿದದ್ದು. 1965ರಲ್ಲಿ ಲ್ವಾಫ್ ಜೊತೆ ಇಬ್ಬರಿಗೂ ನೊಬೆಲ್ ಬಂತು.

ನಮ್ಮ ಪ್ಲೇಟಿನ ಕಥೆ ಇರುವುದು ಇದರ ಮುಂದಿನ ಭಾಗದಲ್ಲಿ. ಹಂಗೆರಿಯಿಂದ ಮೊನೊ ನೆರವಿನಿಂದ ಪಾರಾಗಿ ಬಂದಿದ್ದ ಆಗ್ನೆಸ್ ಉಲ್ಮನ್, ಅವರಿಬ್ಬರ ಜೊತೆ ಸೇರಿ 1967ರಲ್ಲಿ ಒಂದು ವಿಷಯ ತೋರಿಸಿದರು: ಆರಂಭದ ತುಣುಕು ಕಳೆದುಕೊಂಡು ಸತ್ತಂತಿದ್ದ ಕಿಣ್ವಕ್ಕೆ ಆ ತುಣುಕನ್ನು ಬೇರೆಯಾಗಿ ಕೊಟ್ಟರೂ ಜೀವ ಬರುತ್ತದೆ. ಹೇಗೆ ಎಂಬುದು ಆಗ ಕಂಡಿರಲಿಲ್ಲ. ಆದರೂ 1970ರ ದಶಕದ ಕೊನೆಗೆ ಯೋಆಕಿಮ್ ಮೆಸ್ಸಿಂಗ್ ಅದನ್ನೇ ಉಪಕರಣ ಮಾಡಿಕೊಂಡರು. ಬ್ಯಾಕ್ಟೀರಿಯಾದ ಬಳಿ ಮುಕ್ಕಾದ ಕಿಣ್ವ. ಹೊರಗಿನಿಂದ ಸೇರಿಸುವ ಡಿಎನ್‌ಎಯಲ್ಲಿ ಆ ಸಣ್ಣ ತುಣುಕು. ಎರಡೂ ಕೂಡಿದರೆ ಕಿಣ್ವವು ಎಕ್ಸ್-ಗಾಲ್ ಎಂಬ ರಾಸಾಯನಿಕವನ್ನು ಸೀಳಿ, ಇಂಡಿಗೋದ ಹತ್ತಿರದ ನೆಂಟನಾದ ನೀಲಿಯನ್ನು ಬಿಡುತ್ತದೆ. ತುಣುಕಿನ ನಡುವೆ ನಮ್ಮ ಜೀನು ತೂರಿಕೊಂಡರೆ ನೀಲಿ ಇಲ್ಲ.

ಕಿಣ್ವದ ಆಕಾರ ಕಂಡದ್ದು 1994ರಲ್ಲಿ, ಆರೆಗಾನ್ ವಿಶ್ವವಿದ್ಯಾಲಯದ ಬ್ರಯಾನ್ ಮ್ಯಾಥ್ಯೂಸ್ ತಂಡಕ್ಕೆ, ಹರಳುಗಳ ಮೇಲೆ ಎಕ್ಸ್-ರೇ ಹಾಯಿಸಿ. ತಲಾ 1023 ಅಮೈನೋ ಆಮ್ಲಗಳ ನಾಲ್ಕು ಸರಪಳಿಗಳು ಒಂದಕ್ಕೊಂದು ಆತುಕೊಂಡಿವೆ. ಸಕ್ಕರೆ ಕೂರುವ ಕುಳಿ ಪ್ರತಿಯೊಂದರಲ್ಲೂ ಇದೆ, ಆದರೆ ಅದು ತಾನಾಗಿ ಪೂರ್ಣವಲ್ಲ: ಪಕ್ಕದ ಸರಪಳಿಯ ಒಂದು ಕುಣಿಕೆ ಚಾಚಿಕೊಂಡು ಬಂದು ಅದರ ಗೋಡೆಯ ಒಂದು ಭಾಗವಾಗುತ್ತದೆ. ಆರಂಭದ ತುಣುಕು ಇರುವುದು ಸರಪಳಿಗಳು ಸೇರುವ ಆ ಜಾಗದಲ್ಲೇ. ಅದಿಲ್ಲದಿದ್ದರೆ ನಾಲ್ಕು ಕೂಡಲಾರವು. ಎರಡೆರಡಾಗಿ ನಿಂತುಬಿಡುತ್ತವೆ, ಕುಳಿ ಅರ್ಧವೇ ಉಳಿಯುತ್ತದೆ. ಉಲ್ಮನ್ ಕಂಡದ್ದಕ್ಕೆ ಕಾರಣ ಸಿಗಲು ಇಪ್ಪತ್ತೇಳು ವರ್ಷ ಬೇಕಾಯಿತು. ಅಷ್ಟರಲ್ಲಿ ಎಷ್ಟು ಲ್ಯಾಬುಗಳು ಎಷ್ಟು ಪ್ಲೇಟುಗಳನ್ನು ಎಣಿಸಿದ್ದವೋ.

ನಿನ್ನೆಯ ಪ್ಲೇಟಿನಲ್ಲಿ ನನಗೆ ಬೇಕಾದ ಬಿಳಿ ಚುಕ್ಕೆಗಳು ಮೂರು. ಅವನ್ನು ಕಡ್ಡಿಯಿಂದ ಎತ್ತಿಕೊಂಡೆ. ಕಿಣ್ವ ತನ್ನ ಕೆಲಸ ಸರಿಯಾಗಿ ಮಾಡಿದ್ದ ನೀಲಿ ಚುಕ್ಕೆಗಳೆಲ್ಲ ಆಟೋಕ್ಲೇವಿಗೆ ಹೋದವು.