ಅಟ್ಟದ ಕಾಯಿ ಮತ್ತು ಶಾಲೆಯ ವಿಜ್ಞಾನ: ಶೆಟ್ಟಿಕೆರೆ ಸೀಮೆಯ ನೆಲೆಯಿಂದ

ತಿಪಟೂರಿಗೆ ಹತ್ತಿರದ ಶೆಟ್ಟಿಕೆರೆ ಸುತ್ತಿನ ತೆಂಗಿನ ಸೀಮೆಯಲ್ಲಿ ಉಂಡೆ ಕೊಬ್ಬರಿ ಅವಸರಕ್ಕೆ ಆಗುವುದಲ್ಲ. ಬಲಿತ ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿದರೆ, ನೀರು ಬತ್ತಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದಾಗ ಲೊಡಲೊಡ ಎನ್ನಲು ಹತ್ತು ಹನ್ನೆರಡು ತಿಂಗಳು ಹಿಡಿಯುತ್ತದೆ. ಶಾಲೆ ತೆರೆದಾಗ ಅಟ್ಟ ಸೇರಿದ ಕಾಯಿ ವಾರ್ಷಿಕ ಪರೀಕ್ಷೆಯ ಹೊತ್ತಿಗೆ ಕೊಬ್ಬರಿಯಾಗುವ ಹಂತಕ್ಕೆ ಬಂದಿರುತ್ತದೆ. ಇಡೀ ಶೈಕ್ಷಣಿಕ ವರ್ಷದಷ್ಟು ಉದ್ದದ ಪ್ರಯೋಗವೊಂದು ಮಕ್ಕಳ ತಲೆಯ ಮೇಲೆಯೇ ನಡೆಯುತ್ತಿದೆ. ವಿಶ್ವವಿದ್ಯಾಲಯ, ಉದ್ಯಮ, ಶಾಲೆಗಳ ಸಹಭಾಗಿತ್ವವನ್ನು ಈ ಕಾಲಮಾನದಿಂದ ಅಳೆಯಬೇಕೆಂಬುದು ನನ್ನ ವಾದ.

ಇಂಥ ಕೂಡುವಿಕೆ ಕರ್ನಾಟಕಕ್ಕೆ ಹೊಸದಲ್ಲ. 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಯ ಹಿಂದೆ ಟಾಟಾ ಮನೆತನದ ಹಣವೂ ಮೈಸೂರು ಸಂಸ್ಥಾನದ ಭೂಮಿಯೂ ಇದ್ದವು. ಅದೇ ಸಂಸ್ಥೆ ಇಂದು ಚಳ್ಳಕೆರೆಯ ಆವರಣದಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡುತ್ತಿದೆ. 1999ರಲ್ಲಿ ಶುರುವಾದ ಅಗಸ್ತ್ಯ ಪ್ರತಿಷ್ಠಾನ ದಾನಿಗಳ ನೆರವಿನಿಂದ ಸಂಚಾರಿ ಪ್ರಯೋಗಾಲಯಗಳನ್ನು ಹಳ್ಳಿ ಶಾಲೆಗಳಿಗೆ ಕಳಿಸುತ್ತದೆ. ಮಸೂರವನ್ನು ಮೊದಲ ಸಲ ಕೈಯಲ್ಲಿ ಹಿಡಿದ ಮಗುವಿನ ಬೆರಗು ಸಣ್ಣದೇನಲ್ಲ. ಆದರೆ ವಾಹನ ಹಿಂದಿರುಗುತ್ತದೆ. ಮರುದಿನ ಹುಟ್ಟುವ ಪ್ರಶ್ನೆ ಶಿಕ್ಷಕರೊಬ್ಬರ ಮುಂದೆಯೇ ಉಳಿಯುತ್ತದೆ.

ಹಣಕ್ಕೂ ಅವಧಿಯಿದೆ. 2013ರ ಕಂಪನಿ ಕಾಯ್ದೆಯ 135ನೇ ಕಲಮು ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗೆ ವೆಚ್ಚ ಮಾಡಬೇಕೆನ್ನುತ್ತದೆ. 2021ರ ತಿದ್ದುಪಡಿ ನಿಯಮಗಳ ಪ್ರಕಾರ ಚಾಲ್ತಿ ಯೋಜನೆಯೊಂದು ಆರಂಭದ ವರ್ಷ ಬಿಟ್ಟು ಮೂರು ವರ್ಷ ಮೀರುವಂತಿಲ್ಲ. ಶಿಕ್ಷಕರು ಬೋಧನೆಯ ಹೊಸ ರೀತಿಯನ್ನು ಮೈಗೂಡಿಸಿಕೊಳ್ಳಲು ಇಷ್ಟು ಸಾಲದು.

1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನ 16 ಶಾಲೆಗಳಲ್ಲಿ ಆರಂಭವಾದ ವಿಜ್ಞಾನ ಬೋಧನಾ ಕಾರ್ಯಕ್ರಮ ಶಿಕ್ಷಕರ ಈ ಕಲಿಕೆಯನ್ನು ಬೇರೆ ರೀತಿ ಕಂಡಿತ್ತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮತ್ತು ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅದರಲ್ಲಿ ತೊಡಗಿದ್ದರು. ಶಿಕ್ಷಕರು ತಿಂಗಳಿಗೊಮ್ಮೆ ಸೇರುತ್ತಿದ್ದರು. ಮಕ್ಕಳು ‘ಸವಾಲಿರಾಮ್’ ಎಂಬ ಕಲ್ಪಿತ ವ್ಯಕ್ತಿಗೆ ಕಾಗದ ಬರೆದು ಉತ್ತರ ಪಡೆಯುತ್ತಿದ್ದರು. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿದ್ದು ನನ್ನ ದೃಷ್ಟಿಯಲ್ಲಿ ದೊಡ್ಡ ನಷ್ಟ.

ಶೆಟ್ಟಿಕೆರೆಗೆ ಬೇಕಾದ ಪಾಲುದಾರರು ದೂರವಿಲ್ಲ. ತಿಪಟೂರಿನ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಅರಸೀಕೆರೆಯಲ್ಲಿ ತೆಂಗು ಸಂಶೋಧನೆ ನಡೆಯುತ್ತದೆ. ಪಾಠದ ವಸ್ತುವೂ ತೋಟದಲ್ಲೇ ಇದೆ. 1990ರ ದಶಕದ ಕೊನೆಯಲ್ಲಿ ಬಂದ ನುಸಿ ಪೀಡೆ, ಕಪ್ಪು ತಲೆ ಹುಳು, ಆ ಹುಳುವನ್ನು ಹತೋಟಿಗೆ ತರಲು ತೋಟಕ್ಕೆ ಬಿಡುವ ಗೋನಿಯೋಜಸ್ ಪರೋಪಜೀವಿ: ಆಹಾರ ಸರಪಳಿಯ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೆ? ತಿಪಟೂರಿನ ಕೊಬ್ಬರಿ ಮಂಡಿಯವರಲ್ಲಿ ಹೆಚ್ಚಿನವರು ಕಂಪನಿ ಕಾಯ್ದೆಯ ಆ ಕಲಮಿನ ಮಿತಿಗೆ ಬಾರದವರು. ಆದರೂ ಕೊಬ್ಬರಿಯನ್ನು ಕೈಯಲ್ಲಿ ಹಿಡಿದು ಗುಣ ಹೇಳುವ ಅವರ ಅರಿವನ್ನು ಯಾವ ಅನುದಾನವೂ ಕೊಳ್ಳಲಾರದು.

ಒಂದು ತರಗತಿ ಇಪ್ಪತ್ತು ಕಾಯಿಗೆ ಸಂಖ್ಯೆ ಬರೆದು ಅಟ್ಟಕ್ಕೆ ಹಾಕಲಿ, ತಿಂಗಳಿಗೊಮ್ಮೆ ತೂಗಿ ಗುರುತು ಹಾಕಿಕೊಳ್ಳಲಿ. ಕೃಷಿ ವಿಜ್ಞಾನ ಕೇಂದ್ರದ ವಿಜ್ಞಾನಿ ಆ ಲೆಕ್ಕವನ್ನು ಮಕ್ಕಳ ಜೊತೆ ಕೂತು ಓದಲಿ, ಕೊನೆಗೆ ಮಂಡಿಯವರು ಕೊಬ್ಬರಿ ನೋಡಿ ದರ್ಜೆ ಹೇಳಲಿ. ತೂಕ ಮೊದಲ ತಿಂಗಳಲ್ಲಿ ಹೆಚ್ಚು ಇಳಿಯಿತೋ, ಬೇಸಿಗೆಯಲ್ಲೋ? ಉತ್ತರ ಮಕ್ಕಳ ನೋಟ್‌ಬುಕ್ಕಿನಲ್ಲಿರುತ್ತದೆ.