ಮಸ್ಕಿಯ ದುರ್ಗದ ಗುಡ್ಡ ಮತ್ತು ಅದರ ಕಾಲುದಾರಿಗಳು

ಪಾಮನಕಲ್ಲೂರು, ಸಿಂಧನೂರು, ಲಿಂಗಸುಗೂರುಗಳ ಕಡೆಯಿಂದ ಮಸ್ಕಿಗೆ ಬರುವ ದಾರಿಗಳು ಎರೆ ಹೊಲಗಳ ಬಯಲಿನಲ್ಲಿ ಸಾಗಿ, ಬೋಳು ಬಂಡೆಗಳು ಒಂದರ ಮೇಲೊಂದು ಕೂತಿರುವ ದುರ್ಗದ ಗುಡ್ಡದ ಆಸುಪಾಸಿಗೆ ಬಂದು ಸೇರುತ್ತವೆ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ಸೀಮೆಯನ್ನು ಶಾಸನಗಳು ಎಡೆದೊರೆ, ಅಂದರೆ ಎರಡು ಹೊಳೆಗಳ ನಡುವಣ ನಾಡು ಎಂದು ಕರೆದಿವೆ. ಮಸ್ಕಿಗೆ ಬರುವವರಲ್ಲಿ ಬಹುತೇಕರು ಅಶೋಕನ ಶಾಸನವೊಂದನ್ನೇ ನೋಡಿ ಹಿಂದಿರುಗುತ್ತಾರಾದರೂ, ಊರಿನ ಚರಿತ್ರೆ ಆ ಬಂಡೆಗಿಂತ ಬಹಳ ಹಿಂದೆಯೇ ಗುಡ್ಡದ ಬುಡದ ಮಣ್ಣಿನಲ್ಲಿ ಆರಂಭವಾಗುವುದರಿಂದ, ನಡಿಗೆಯೂ ಅಲ್ಲಿಂದಲೇ ಆರಂಭವಾಗುವುದು ಉಚಿತ.

ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1870 ಮತ್ತು 1888ರಲ್ಲಿ ಈ ನೆಲವನ್ನು ಪರಿಶೀಲಿಸಿದ್ದರು. 1935ರಿಂದ 37ರವರೆಗೆ ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆಯೂ, 1954ರಲ್ಲಿ ಬಿ. ಕೆ. ಥಾಪರ್ ಅವರ ನೇತೃತ್ವದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆಯೂ ಇಲ್ಲಿ ಉತ್ಖನನ ನಡೆಸಿದವು. ಕಲ್ಲಿನ ಉಪಕರಣಗಳ ಜೊತೆಗೆ ತಾಮ್ರವನ್ನೂ ಅರಿತಿದ್ದ ನವಶಿಲಾ-ತಾಮ್ರಶಿಲಾ ಜನರ ನೆಲೆ, ಅದರ ಮೇಲೆ ಕಬ್ಬಿಣವನ್ನೂ ಕಪ್ಪು-ಕೆಂಪು ಮಡಕೆಗಳನ್ನೂ ಬಳಸಿದ ಬೃಹತ್ ಶಿಲಾಯುಗದ ಪದರ, ಬಳಿಕ ಆದಿ ಚಾರಿತ್ರಿಕ ಹಾಗೂ ಮಧ್ಯಯುಗದ ಪದರಗಳು, ಹೀಗೆ ನಾಲ್ಕು ಘಟ್ಟಗಳು ಒಂದರ ಮೇಲೊಂದು ಇರುವುದು ಇದರಿಂದ ಸ್ಪಷ್ಟವಾಯಿತು.

ಇಲ್ಲಿಂದ ಬಂಡೆಗಳ ನಡುವಿನ ದಾರಿ ಹಿಡಿದರೆ, ಗವಿಯಂಥ ಆಸರೆಯಲ್ಲಿ ನಿಂತಿರುವ ಶಾಸನ ಸಿಗುತ್ತದೆ. ಇದನ್ನು 1915ರಲ್ಲಿ ಬೆಳಕಿಗೆ ತಂದವರು ಚಿನ್ನದ ಅದಿರಿನ ಶೋಧದಲ್ಲಿದ್ದ ಗಣಿ ಎಂಜಿನಿಯರ್ ಸಿ. ಬೀಡನ್; ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಇದನ್ನು ಸಂಪಾದಿಸಿ ಪ್ರಕಟಿಸಿದರು. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿ ಲಿಪಿಯನ್ನು ಓದಿದ ಮೇಲೂ ಧರ್ಮಶಾಸನಗಳಲ್ಲಿ ‘ದೇವಾನಂಪಿಯ’, ‘ಪಿಯದಸಿ’ ಎಂಬ ಬಿರುದುಗಳಷ್ಟೇ ಕಾಣುತ್ತಿದ್ದು, ಆ ಅರಸ ಅಶೋಕನೇ ಎಂಬುದನ್ನು ಸಿಂಹಳದ ಪಾಲಿ ಗ್ರಂಥಗಳ ನೆರವಿನಿಂದ ಊಹಿಸಬೇಕಾಗಿತ್ತು. ಅಶೋಕ ಎಂಬ ಹೆಸರನ್ನೇ ತೋರಿಸಿ ಆ ಊಹೆಗೆ ಕಲ್ಲಿನ ಮೇಲಿನ ಸಾಕ್ಷಿಯನ್ನು ಮೊದಲು ಒದಗಿಸಿದ್ದು ಮಸ್ಕಿ. ಗುಜರ್ರಾ, ನಿಟ್ಟೂರು ಮತ್ತು ಉಡೇಗೋಳದ ಶಾಸನಗಳಲ್ಲಿ ಆ ಹೆಸರು ದೊರೆತದ್ದು ದಶಕಗಳ ನಂತರ.

ಭಾಷೆ ಪ್ರಾಕೃತ, ಕಲ್ಲಿನ ಚಕ್ಕೆ ಎದ್ದು ಅಲ್ಲಲ್ಲಿ ಅಕ್ಷರಗಳು ಅಳಿಸಿಹೋಗಿವೆ. ಆದರೂ ಹೆಸರು ಇರುವುದು ಮೊದಲ ಸಾಲಿನಲ್ಲೇ ಆದ್ದರಿಂದ ಬ್ರಾಹ್ಮಿ ಬಾರದವರೂ ಅದನ್ನು ಹುಡುಕಬಹುದು: ‘ಅಸೋಕಸ’ ಎಂಬಲ್ಲಿನ ಕಕಾರ ಗಣಿತದ ಕೂಡುವ ಚಿಹ್ನೆಯ ಆಕಾರದಲ್ಲಿದೆ. ಬುದ್ಧನ ಉಪಾಸಕನಾಗಿ, ಅಂದರೆ ಸಂನ್ಯಾಸ ಸ್ವೀಕರಿಸದ ಗೃಹಸ್ಥ ಅನುಯಾಯಿಯಾಗಿ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲವಾಯಿತೆಂದು ಇಲ್ಲಿ ಹೇಳುವ ಚಕ್ರವರ್ತಿ, ಧರ್ಮದ ಫಲ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ದಕ್ಕುವಂಥದೆಂದು ಸಾರುತ್ತಾನೆ. ಪಾಟಲಿಪುತ್ರದಿಂದ ಇಷ್ಟು ದೂರದ ಗುಡ್ಡದಲ್ಲಿ ಆ ಮಾತು ಕೆತ್ತಿಸಲ್ಪಟ್ಟಿರುವುದು ಎಡೆದೊರೆನಾಡಿನ ಚರಿತ್ರೆಯ ಅತ್ಯಂತ ಘನವಾದ ಸಂಗತಿ.

ಮಧ್ಯಯುಗದ ಶಾಸನಗಳಲ್ಲಿ ಊರಿನ ಹೆಸರು ಪಿರಿಯ ಮೊಸಂಗಿ. ಕಲ್ಯಾಣ ಚಾಲುಕ್ಯರ ಇಮ್ಮಡಿ ಜಯಸಿಂಹನನ್ನು ಮುಶಂಗಿಯಲ್ಲಿ ಸೋಲಿಸಿದೆನೆಂದು ರಾಜೇಂದ್ರ ಚೋಳನ ಪ್ರಶಸ್ತಿ ಹೇಳುತ್ತದೆ. ಆ ಮುಶಂಗಿ ಇದೇ ಮಸ್ಕಿಯೆಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ಗುಡ್ಡದ ಮೇಲಿನ ಮಲ್ಲಿಕಾರ್ಜುನನ ಸನ್ನಿಧಿಯನ್ನು ಭಕ್ತರು ಎರಡನೇ ಶ್ರೀಶೈಲವೆಂದು ನಂಬಿ ಮೆಟ್ಟಿಲು ಹತ್ತುತ್ತಾರೆ. ಹೀಗೆ ಶಾಸನವನ್ನು ಅರಸಿ ಬಂದವರ ದಾರಿಯೂ ಹರಕೆ ಹೊತ್ತವರ ದಾರಿಯೂ ಒಂದೇ ಗುಡ್ಡದಲ್ಲಿ ಕೂಡುತ್ತವೆ.