ನಾಗಪುರದ ಚಳಿಗಾಲದ ಗುಡಾರ

ನಾಗಪುರದ ನೈಋತ್ಯಕ್ಕಿರುವ ಲಕ್ಷ್ಮೀನಗರದಂಥ ಬಡಾವಣೆಗಳಲ್ಲಿ ನವೆಂಬರ್ ಬಂದಿತೆಂದರೆ ಕಿಟಕಿಗೆ ಆತುಕೊಂಡಿದ್ದ ಕೂಲರುಗಳು ಮುಸುಕು ಹಾಕಿಕೊಳ್ಳುತ್ತವೆ, ಪೆಟ್ಟಿಗೆಯಲ್ಲಿದ್ದ ರಜಾಯಿಗಳು ಬಿಸಿಲಿಗೆ ಬರುತ್ತವೆ. ಚರ್ಚುಗಳ ಯುವಜನ ಸಂಘಗಳಲ್ಲಿ ಶಿಬಿರದ ಮಾತು ಮೊದಲಾಗುವುದೂ ಆಗಲೇ. ಎಲ್ಲಿ ಹೋಗುವುದು, ಎಷ್ಟು ರಾತ್ರಿ ಉಳಿಯುವುದು, ಹೆಣ್ಣುಮಕ್ಕಳ ಜೊತೆಗೆ ಹಿರಿಯರು ಯಾರು, ಕ್ರಿಸ್‌ಮಸ್ ಆರಾಧನೆ ಮುಗಿದು ವರ್ಷದ ಕೊನೆಯ ರಾತ್ರಿಯ ಆರಾಧನೆ ಬರುವುದರೊಳಗೆ ಮರಳಬಹುದೇ, ಇಲ್ಲವಾದರೆ ಜನವರಿ 26ರ ರಜೆಗೆ ಮುಂದೂಡಬೇಕೇ ಎಂಬ ಲೆಕ್ಕಾಚಾರಗಳು ನಡೆಯುತ್ತವೆ. ಚಳಿಯಲ್ಲಿ ಬಯಲಿಗೆ ಹೋಗಿ ಮಲಗುವುದು ಯುರೋಪಿನವರಿಗೆ ಒಂದು ಸಾಹಸ. ನಾಗಪುರದವರಿಗೆ ಅದು ಸಾಹಸವಲ್ಲ, ಬೇರೆ ದಾರಿಯೇ ಇಲ್ಲದ ಏರ್ಪಾಡು. ಮೇ ತಿಂಗಳಲ್ಲಿ ಇಲ್ಲಿನ ಉಷ್ಣತೆ 45 ಡಿಗ್ರಿಯನ್ನು ದಾಟುತ್ತದೆ. ಜೂನ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಎರೆಮಣ್ಣು ಕಾಲನ್ನು ಹಿಡಿದು ಬಿಡದು. ಗುಡಾರಕ್ಕೆ ಉಳಿಯುವುದು ಚಳಿಗಾಲವೊಂದೇ.

ಈ ಋತುವನ್ನು ಶಿಬಿರಕ್ಕೆಂದು ಆರಿಸಿದವರು ಇಂದಿನ ಯುವಜನ ಸಂಘಗಳಲ್ಲ. ಅದರ ಹಿಂದೆ ನೂರೈವತ್ತು ವರ್ಷಗಳಿಗೂ ಮೀರಿದ ಒಂದು ರೂಢಿಯಿದೆ. ಆ ರೂಢಿ ಏನಾಗಿತ್ತು, ಏನಾಯಿತು ಎಂಬುದನ್ನು ನಾವಿಲ್ಲಿ ನೋಡಬಯಸುತ್ತೇವೆ.

ಕನ್ನಡದಲ್ಲಿ ಇದಕ್ಕೆ ಹಲವು ಶಬ್ದಗಳಿವೆ, ಒಂದೊಂದಕ್ಕೂ ಒಂದೊಂದು ವಾಸನೆ. ಅಮಲ್ದಾರರು ಬಂದು ಇಳಿದರೆ ಅದು ಮೊಕ್ಕಾಂ. ದಂಡು ಇಳಿದರೆ ಪಾಳೆಯ. ಅಲೆಮಾರಿಗಳದು ಬಿಡಾರ, ಸರ್ಕಸ್ಸಿನದು ಡೇರೆ. ಕನ್ನಡ ಬೈಬಲನ್ನು ಓದುತ್ತ ಬೆಳೆದವರ ಕಿವಿಯಲ್ಲಿ ‘ಪಾಳೆಯ’ ಮತ್ತು ‘ಗುಡಾರ’ ಎಂಬ ಮಾತುಗಳು ಅರಣ್ಯದಲ್ಲಿ ನಲವತ್ತು ವರ್ಷ ಅಲೆದ ಇಸ್ರಾಯೇಲರ ಕಥೆಯೊಂದಿಗೆ ಕೂಡಿಕೊಂಡೇ ಕೇಳಿಸುತ್ತವೆ. ‘ಶಿಬಿರ’ ಎಂಬ ಈಗಿನ ಮಾತು ಇವೆಲ್ಲವನ್ನೂ ಒರೆಸಿ ಚೊಕ್ಕಟ ಮಾಡಿಬಿಟ್ಟಿದೆ. ರಕ್ತದಾನಕ್ಕೂ ಅದೇ, ಯೋಗಕ್ಕೂ ಅದೇ. ನಾಗಪುರದ ಚಳಿಗಾಲದ ಗುಡಾರ ಮೊದಲಿಗೆ ಮೊಕ್ಕಾಮಾಗಿತ್ತು. ಬ್ರಿಟಿಷ್ ಜಿಲ್ಲಾಧಿಕಾರಿಗಳು ಮಳೆ ನಿಂತು ದಾರಿ ಒಣಗಿದ ಮೇಲೆ ಡೇರೆ, ಕುರ್ಚಿ, ಕಡತಗಳನ್ನು ಬಂಡಿಗೆ ಹೇರಿಕೊಂಡು ಹಳ್ಳಿಯಿಂದ ಹಳ್ಳಿಗೆ ಹೋಗಿ ಜಮೀನು, ಕಂದಾಯ, ತಕರಾರುಗಳನ್ನು ನೋಡುತ್ತಿದ್ದರು. ಪಾದ್ರಿಗಳು ಅದೇ ಋತುವನ್ನು, ಬಹುಮಟ್ಟಿಗೆ ಅದೇ ರೀತಿಯ ಡೇರೆಯನ್ನು ತಮ್ಮ ಕೆಲಸಕ್ಕೆ ತೆಗೆದುಕೊಂಡರು. ನಮ್ಮ ಕಡೆಯ ಬಾಸೆಲ್ ಮಿಷನ್ನಿನವರೂ ಹೀಗೆಯೇ ಊರೂರು ಸುತ್ತಿದರು. 1853ರಲ್ಲಿ ಕನ್ನಡ ನಾಡಿಗೆ ಬಂದ ಕಿಟ್ಟೆಲ್ ಧಾರವಾಡದ ಸುತ್ತ ಕಾಲ್ನಡಿಗೆಯಲ್ಲಿ ತಿರುಗಿದುದರ ಫಲ 1894ರ ನಿಘಂಟಿನಲ್ಲಿ ಎಷ್ಟು ಸೇರಿದೆಯೋ ಅಳೆಯುವುದು ಕಷ್ಟ.

ನಾಗಪುರದಲ್ಲಿ ಈ ಕೆಲಸದ ದೊಡ್ಡ ಹೆಸರು ಸ್ಟೀಫನ್ ಹಿಸ್ಲಾಪನದು. 1817ರಲ್ಲಿ ಸ್ಕಾಟ್ಲೆಂಡಿನ ಡನ್ಸ್ ಎಂಬಲ್ಲಿ ಹುಟ್ಟಿದ ಈತ, 1843ರಲ್ಲಿ ಸ್ಕಾಟ್ಲೆಂಡಿನ ಅಧಿಕೃತ ಸಭೆಯಿಂದ ಒಡೆದು ಬೇರೆಯಾದ ಫ್ರೀ ಚರ್ಚಿನ ಪರವಾಗಿ 1845ರಲ್ಲಿ ನಾಗಪುರಕ್ಕೆ ಬಂದ. ಆಗ ಇಲ್ಲಿ ಭೋಂಸಲೆಯವರ ಆಳಿಕೆ. ಪಕ್ಕದ ಕಾಮಠಿಯಲ್ಲಿ ಮದರಾಸು ಸೈನ್ಯದ ದಂಡು ಇದ್ದುದರಿಂದ ಮರಾಠಿಯ ಜೊತೆಗೆ ತಮಿಳು, ತೆಲುಗುಗಳೂ ಕೇಳಿಬರುತ್ತಿದ್ದವು. ಹಿಸ್ಲಾಪ್ ಮರಾಠಿ ಕಲಿತ, ಶಾಲೆ ತೆರೆದ; 1847ರಲ್ಲಿ ರಾಬರ್ಟ್ ಹಂಟರ್ ಬಂದು ಜೊತೆಗೂಡಿದ. ಇಬ್ಬರೂ ಭೂವಿಜ್ಞಾನದಲ್ಲಿ ಆಸಕ್ತರು. ಇಂದು ನಗರದೊಳಗೇ ಸೇರಿಹೋಗಿರುವ ಟಾಕಳಿಯಲ್ಲಿ 1851ರಲ್ಲಿ ಅವರು ಲಾವಾ ಪದರಗಳ ನಡುವೆ ಸಿಕ್ಕಿಕೊಂಡಿದ್ದ ಹಣ್ಣು, ಬೀಜ, ಸಿಹಿನೀರಿನ ಚಿಪ್ಪುಗಳ ಪಳೆಯುಳಿಕೆಗಳನ್ನು ಕಂಡರು. ಒಂದು ಲಾವಾ ಪ್ರವಾಹ ತಣ್ಣಗಾಗಿ ಇನ್ನೊಂದು ಬರುವ ನಡುವೆ ಇಲ್ಲಿ ಕೆರೆಗಳಿದ್ದವು, ಗಿಡಗಳು ಬೆಳೆದಿದ್ದವು ಎಂಬುದಕ್ಕೆ ಅದು ಸಾಕ್ಷಿ. ದಕ್ಷಿಣಕ್ಕಿರುವ ಮಾಂಗಳಿಯಲ್ಲಿ ಸಿಕ್ಕ ಪುರಾತನ ಉಭಯಚರದ ತಲೆಬುರುಡೆಯನ್ನು ಲಂಡನ್ನಿನ ರಿಚರ್ಡ್ ಓವನ್ ಪರಿಶೀಲಿಸಿ ಬ್ರಾಕಿಯಾಪ್ಸ್ ಎಂದು ಹೆಸರಿಟ್ಟ. ಹಿಸ್ಲಾಪನ ಹೆಸರಿನಲ್ಲಿಯೇ ಹಿಸ್ಲಾಪೈಟ್ ಎಂಬ ಖನಿಜವಿದೆ.

ಪಾದ್ರಿಯ ಕಥೆಯಲ್ಲಿ ಕಲ್ಲುಗಳಿಗೇನು ಕೆಲಸ ಎನ್ನಬಹುದು. ಗುಡಾರ ಹೂಡಿದವನು ತಾನಿಳಿದ ನೆಲವನ್ನು ಬಗ್ಗಿ ನೋಡಿದ ಎಂಬುದೇ ಇಲ್ಲಿಯ ವಿಷಯ. ನೆಲವನ್ನು ಮಾತ್ರವಲ್ಲ, ಅಲ್ಲಿದ್ದವರ ಮಾತನ್ನೂ ಕೇಳಿದ. ಗೊಂಡರ ನಡುವೆ ತಿರುಗುತ್ತ ಅವರ ಭಾಷೆಯ ಪದಗಳನ್ನು, ಪರ್ಧಾನರೆಂಬ ಗಾಯಕರು ನಾಲಿಗೆಯ ಮೇಲೆ ಉಳಿಸಿಕೊಂಡು ಬಂದಿದ್ದ ಲಿಂಗೋ ಎಂಬ ಮೂಲಪುರುಷನ ಹಾಡನ್ನು ಬರೆದುಕೊಂಡ. ಅವನು ಬಂದದ್ದು ಮತಬೋಧನೆಗೆ; ಅದನ್ನು ಮರೆಮಾಚಬೇಕಾಗಿಲ್ಲ. ಗೊಂಡರ ದೇವರುಗಳ ಬಗ್ಗೆ ಅವನಿಗಿದ್ದ ಎಣಿಕೆಯೂ ಆ ಕಾಲದ ಪಾದ್ರಿಗಳದೇ. ಆದರೂ ಹೇಳಬಂದವನು ಕೇಳುತ್ತ ಕುಳಿತ ಆ ಕೆಲವು ಸಂಜೆಗಳಿಂದಾಗಿ ಗೊಂಡಿಯ ಒಂದು ದೀರ್ಘಕಾವ್ಯ ಮೊದಲ ಬಾರಿಗೆ ಅಚ್ಚಾಗುವಂತಾಯಿತು.

ಅಚ್ಚಾದುದನ್ನು ನೋಡಲು ಅವನು ಉಳಿಯಲಿಲ್ಲ. 1863ರ ಸೆಪ್ಟೆಂಬರಿನಲ್ಲಿ, ಮಧ್ಯಪ್ರಾಂತ್ಯದ ಮುಖ್ಯ ಆಯುಕ್ತನಾಗಿದ್ದ ರಿಚರ್ಡ್ ಟೆಂಪಲ್‌ನೊಡನೆ ಹಿಸ್ಲಾಪ್ ನಾಗಪುರದ ದಕ್ಷಿಣಕ್ಕಿರುವ ಟಾಕಳಘಾಟಿಗೆ ಹೋದ. ಅಲ್ಲಿ ದುಂಡಗೆ ನೆಟ್ಟ ಕಲ್ಲುಗಳ ನಡುವೆ ಅಗೆತ ನಡೆದಿತ್ತು. ಅವು ಕಬ್ಬಿಣ ಯುಗದ ಸಮಾಧಿಗಳು. ಅಂಥವೇ ವೃತ್ತಗಳು ಕಾಟೋಲ್ ರಸ್ತೆಯ ಜುನಾಪಾಣಿಯಲ್ಲಿಯೂ ಇವೆ. ಕೆಲಸ ಮುಗಿಸಿ ಉಳಿದವರು ಬೋರಿಯ ಮೊಕ್ಕಾಮಿಗೆ ಹೊರಟರು. ಊರಿನ ಶಾಲೆಯನ್ನು ಪರೀಕ್ಷಿಸಬೇಕೆಂದು ಹಿಸ್ಲಾಪ್ ಹಿಂದೆ ಉಳಿದ. ಕತ್ತಲಾದ ಮೇಲೆ ಒಬ್ಬನೇ ಕುದುರೆಯೇರಿ ಬಂದ. ನಡುವಿನ ಹಳ್ಳದಲ್ಲಿ ನೀರು ಏರಿತ್ತು. ಮೊಕ್ಕಾಮಿಗೆ ಬಂದದ್ದು ಸವಾರನಿಲ್ಲದ ಕುದುರೆ. ಸೆಪ್ಟೆಂಬರ್ 4ರ ಆ ರಾತ್ರಿ ಸತ್ತಾಗ ಅವನಿಗೆ 46 ತುಂಬಲು ನಾಲ್ಕು ದಿನ ಉಳಿದಿತ್ತು. ಅವನ ಬರಹಗಳನ್ನು ಟೆಂಪಲ್ 1866ರಲ್ಲಿ ಪ್ರಕಟಿಸಿದ. ಅವನ ಹೆಸರಿನ ಕಾಲೇಜು 1883ರಲ್ಲಿ ಆರಂಭವಾಯಿತು.

ಅದೇ 1883ರಲ್ಲಿ, ಅದೇ ಫ್ರೀ ಚರ್ಚಿಗೆ ಸೇರಿದ ಗ್ಲಾಸ್ಗೋದ ಒಂದು ಸಭಾಮಂದಿರದಲ್ಲಿ ವಿಲಿಯಂ ಸ್ಮಿತ್ ಎಂಬ ಭಾನುವಾರದ ಶಾಲೆಯ ಶಿಕ್ಷಕ ಬಾಯ್ಸ್ ಬ್ರಿಗೇಡ್ ಎಂಬ ಸಂಘವನ್ನು ಕಟ್ಟಿದ. ಪಾಠದಲ್ಲಿ ಕೂರದ ಹುಡುಗರನ್ನು ಕವಾಯತಿನಿಂದ ಹಿಡಿದು ನಿಲ್ಲಿಸುವುದು ಅವನ ಉಪಾಯ. 1886ರಲ್ಲಿ ಅವರನ್ನು ಕಡಲತಡಿಯ ಊರೊಂದಕ್ಕೆ ಬೇಸಗೆಯ ಶಿಬಿರಕ್ಕೆ ಕರೆದೊಯ್ದ. ಸಭೆಯ ಹುಡುಗರನ್ನು ಹಿರಿಯರೊಬ್ಬರು ಹೊರಗೆ ಕರೆದೊಯ್ದು ರಾತ್ರಿ ಉಳಿಸಿಕೊಳ್ಳುವ ಈಗಿನ ಪದ್ಧತಿಯ ಒಂದು ಬೇರು ಅಲ್ಲಿದೆ. ಬೇಡನ್ ಪೊವೆಲ್ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರ ಶಿಬಿರ ನಡೆಸಿದ್ದು 1907ರಲ್ಲಿ. ಎರಡೇ ವರ್ಷಗಳಲ್ಲಿ, 1909ರಲ್ಲಿ, ಕ್ಯಾಪ್ಟನ್ ಟಿ. ಎಚ್. ಬೇಕರ್ ಬೆಂಗಳೂರಿನಲ್ಲಿ ಭಾರತದ ಮೊದಲ ಸ್ಕೌಟ್ ದಳವನ್ನು ಆರಂಭಿಸಿದ. ಆಗ ಅದರಲ್ಲಿ ಭಾರತೀಯ ಹುಡುಗರಿಗೆ ಪ್ರವೇಶವಿರಲಿಲ್ಲ.

ಸ್ಕಾಟ್ಲೆಂಡಿನ ಬೇಸಗೆಯ ಶಿಬಿರ ಮಧ್ಯಭಾರತಕ್ಕೆ ಬಂದು ಪಾದ್ರಿಗಳ ಚಳಿಗಾಲದ ಮೊಕ್ಕಾಮಿನೊಂದಿಗೆ ಕೂಡಿತು ಎಂದು ನಾವು ತಿಳಿಯುತ್ತೇವೆ. ಕೂಡುವಾಗ ಗುಡಾರದ ಬಾಗಿಲು ಒಳಮುಖವಾಯಿತು. ಹಳೆಯ ಗುಡಾರ ಸುತ್ತಲ ಹಳ್ಳಿಗಳಿಗಾಗಿ ನೆಟ್ಟದ್ದು. ಹೊಸದು ಅದರೊಳಗೆ ಮಲಗುವ ಮಕ್ಕಳಿಗಾಗಿ. ಇದರಲ್ಲಿ ಗಳಿಕೆ ಇಲ್ಲದಿಲ್ಲ. ಆರು ಸಭೆಗಳು ಒಂದಾಗಿ ಉತ್ತರ ಭಾರತ ಸಭೆ ಹುಟ್ಟಿದ್ದು 1970ರ ನವೆಂಬರ್ 29ರಂದು, ನಾಗಪುರದಲ್ಲಿಯೇ. ಹಿರಿಯರ ಒಕ್ಕೂಟ ಕಾಗದದ ಮೇಲೆ ಆದೀತು. ಮರಾಠಿ ಆರಾಧನೆಯ ಹುಡುಗ ಮತ್ತು ಇಂಗ್ಲಿಷ್ ಆರಾಧನೆಯ ಹುಡುಗ ಒಂದೇ ರಜಾಯಿಗಾಗಿ ಎಳೆದಾಡಲು ಒಂದು ಗುಡಾರವೇ ಬೇಕು.

ಆದರೆ ಕಳೆದುಕೊಂಡದ್ದೂ ಇದೆ. ಈಗಿನ ಶಿಬಿರಗಳು ನಗರದಿಂದ ಬಸ್ಸಿನಲ್ಲಿ ಹೋಗಿ, ಬೇಲಿ ಹಾಕಿದ ತೋಟವೊಂದರಲ್ಲಿ ಇಳಿದು, ಧ್ವನಿವರ್ಧಕ ಹಚ್ಚಿ, ಹಾಡಿ, ಬೋಧನೆ ಕೇಳಿ, ಮೂರನೆಯ ದಿನ ಮರಳುವುದು ಸಾಮಾನ್ಯ. ಕಾಡಂಚಿನಲ್ಲಿ ಬೆಂಕಿ ಹಾಕಬಾರದು, ಪೇಂಚ್ ಅಥವಾ ಉಮರೇಡ್ ಕಡೆ ಹುಲಿಯಿದೆ, ಪಾಲಕರಿಗೆ ಉತ್ತರ ಹೇಳಬೇಕು. ಬೇಲಿಗೆ ಕಾರಣಗಳಿವೆ, ಅವು ಸರಿಯೂ ಹೌದು. ಆದರೆ ಬೇಲಿಯಾಚೆಗಿನ ಹೊಲದಲ್ಲಿ ಜೋಳ ಕಾಯುತ್ತಿರುವವನ ಹೆಸರನ್ನು ಕೇಳಿ ಬಾರದೆಂದು ಯಾವ ನಿಯಮವೂ ಹೇಳುವುದಿಲ್ಲ.

ಅವನನ್ನು ಕೇಳಿದರೆ ಮುಂದಾಳುವಿಗೇ ಲಾಭ. ಚಳಿಯ ರಾತ್ರಿಯ ವಿದ್ಯೆ ಮಿಷನ್ನಿನಿಂದಾಗಲಿ ಸ್ಕೌಟಿನಿಂದಾಗಲಿ ಬಂದುದಲ್ಲ. ಅಟ್ಟಣೆ ಕಟ್ಟಿ ಬೆಳೆ ಕಾಯುವವನಲ್ಲಿ ಅದು ಮೊದಲಿನಿಂದಲೂ ಇದೆ. ಅವನು ತಗ್ಗಿನಲ್ಲಿ ಮಲಗುವುದಿಲ್ಲ. ಗಾಳಿಯಿಲ್ಲದ ನಿಚ್ಚಳ ರಾತ್ರಿಯಲ್ಲಿ ತಣ್ಣನೆಯ ಗಾಳಿ ಭಾರವಾಗಿ ಇಳಿದು ಹಳ್ಳದ ಬದಿಯಲ್ಲಿ, ಕೆರೆಯಂಗಳದಲ್ಲಿ ನಿಲ್ಲುತ್ತದೆ. ಹತ್ತಾರು ಅಡಿ ಮೇಲಿನ ದಿಬ್ಬದಲ್ಲಿ ಚಳಿ ಕಡಿಮೆ. ನಗರದ ಮಕ್ಕಳು ಮೊದಲು ಆರಿಸುವುದು ನೀರಿನ ಬದಿಯನ್ನೇ, ನೋಟ ಚೆನ್ನಾಗಿದೆಯೆಂದು. ಮೈಮೇಲೆ ಎರಡು ಹೊದಿಕೆ ಹಾಕಿ ಕೆಳಗೆ ತೆಳುವಾದ ಚಾದರ ಹಾಸಿದವನ ಬಿಸುಪನ್ನು ನೆಲ ಎಳೆದುಕೊಳ್ಳುತ್ತದೆ. ಒಣಹುಲ್ಲು ದಪ್ಪಗೆ ಹರಡಿ ಅದರ ಮೇಲೆ ಹಾಸಿದರೆ ಒಂದೇ ಹೊದಿಕೆ ಸಾಕಾದೀತು. ಡೇರೆಯನ್ನು ಬಿಗಿಯಾಗಿ ಮುಚ್ಚಿದರೆ ಉಸಿರಿನ ತೇವ ಬಟ್ಟೆಗೆ ಹತ್ತಿ ಬೆಳಗಿನ ಜಾವಕ್ಕೆ ಹನಿಯಾಗಿ ತೊಟ್ಟಿಕ್ಕುತ್ತದೆ. ಒಳಗೆ ಕೆಂಡದ ಅಗ್ಗಿಷ್ಟಿಕೆ ಇಡುವುದಂತೂ ಕೂಡದು. ಅದರ ವಿಷಗಾಳಿಗೆ ವಾಸನೆಯೇ ಇಲ್ಲ. ನಾಗಪುರದ ಚಳಿ ಮೋಸಗಾರ: ಮಧ್ಯಾಹ್ನ ಅಂಗಿಯ ತೋಳು ಮಡಿಸುವಷ್ಟು ಬಿಸಿಲು, ಮಕ್ಕಳು ಸ್ವೆಟರನ್ನು ಚೀಲದ ತಳಕ್ಕೆ ತುರುಕುತ್ತಾರೆ. 2018ರ ಡಿಸೆಂಬರ್ 29ರಂದು ಇಲ್ಲಿ ಉಷ್ಣತೆ 3.5 ಡಿಗ್ರಿಗೆ ಇಳಿದಿತ್ತು. ಶಿಬಿರಕ್ಕೆಂದು ಎಲ್ಲರೂ ಹುಡುಕುವ ವಾರವೇ ಅದು.

ಅದೇ ಕಾವಲುಗಾರನಲ್ಲಿ ಇನ್ನೊಂದು ವಸ್ತುವೂ ಸಿಗುತ್ತದೆ: ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಉಜ್ಜಿ ಉದುರಿಸಿದ ಕಾಳು. ಮರಾಠಿಯಲ್ಲಿ ಅದು ಹುರಡಾ, ನಮ್ಮ ಉತ್ತರ ಕರ್ನಾಟಕದಲ್ಲಿ ಸೀತನಿ. ಧಾರವಾಡದ ಕಡೆಯವನೊಬ್ಬ ನಾಗಪುರದ ಹೊಲದಲ್ಲಿ ಕುಳಿತು ಬಿಸಿ ಕಾಳನ್ನು ಬಾಯಿಗೆ ಹಾಕಿಕೊಂಡರೆ ಊರು ಬಿಟ್ಟು ಬಂದೆನೆಂಬುದು ಸ್ವಲ್ಪ ಹೊತ್ತು ಮರೆತುಹೋಗುತ್ತದೆ. ಬಸ್ಸಿನಲ್ಲಿ ಹೇರಿ ತಂದ ಬ್ರೆಡ್ಡು ಬಿಸ್ಕತ್ತಿಗೆ ಆ ಶಕ್ತಿಯಿಲ್ಲ.

ಮುಂದಾಳುವಿನ ಕೆಲಸದಲ್ಲಿ ಹೇಳಿಕೊಳ್ಳುವಂಥದು ಕಡಿಮೆ. ಬೋಧನೆಗೆ ಅತಿಥಿಗಳು ಬರುತ್ತಾರೆ, ಹಾಡಿಗೆ ಗಿಟಾರಿನವರಿದ್ದಾರೆ. ಅವನಿಗೆ, ಅಥವಾ ಅವಳಿಗೆ, ಉಳಿಯುವುದು ಎಣಿಕೆ. ಹೊರಡುವಾಗ ತಲೆಯೆಣಿಕೆ, ಊಟಕ್ಕೆ ಮೊದಲು, ಬೆಂಕಿ ಆರಿಸಿದ ಮೇಲೆ, ನೀರಿನ ಬದಿಯಿಂದ ಹಿಂದಿರುಗಿದ ಕೂಡಲೇ. ಸಾಲಿನ ಮುಂದೆ ದಾರಿ ಬಲ್ಲವನು, ಕೊನೆಯಲ್ಲಿ ಇನ್ನೊಬ್ಬ ಹಿರಿಯ. ಕೊನೆಯವನ ಹಿಂದೆ ಯಾರೂ ಉಳಿಯುವಂತಿಲ್ಲ, ಎಷ್ಟೇ ಒಳ್ಳೆಯ ಕಾರಣವಿದ್ದರೂ. ಹಿಸ್ಲಾಪನಿಗಿದ್ದ ಕಾರಣ ಒಳ್ಳೆಯದೇ: ಒಂದು ಹಳ್ಳಿಶಾಲೆಯ ಮಕ್ಕಳು ಪಾಠ ಒಪ್ಪಿಸಲು ಕಾದಿದ್ದರು.

ಟಾಕಳಘಾಟ್ ಲಕ್ಷ್ಮೀನಗರದಿಂದ ದೂರವಲ್ಲ. ವರ್ಧಾ ರಸ್ತೆ ಹಿಡಿದು ಬುಟಿಬೋರಿಯ ಕಡೆಗೆ ಹೋದರೆ ಒಂದು ಬೆಳಗಿನ ಪಯಣ. ಯುವಜನ ಸಂಘವೊಂದು ಮುಂದಿನ ಚಳಿಗಾಲಕ್ಕೆ ಜಾಗ ಹುಡುಕುತ್ತಿದ್ದರೆ ನಾವು ಆ ದಿಕ್ಕನ್ನು ಸೂಚಿಸುತ್ತೇವೆ. ಕಲ್ಲಿನ ವೃತ್ತಗಳನ್ನು ನೋಡಬಹುದು, ಊರಿನ ಶಾಲೆಯವರನ್ನು ಮಾತನಾಡಿಸಬಹುದು. ಡಿಸೆಂಬರಿನಲ್ಲಿ ಆ ಭಾಗದ ಸಣ್ಣ ಹಳ್ಳಗಳನ್ನು ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ದಾಟುತ್ತಾರೆ.